ಮೂರು ಅಳಿವೆ, ಒಂದು ರೀಲು

ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಉತ್ತರಕ್ಕೆ ಹೊರಟ ಬಸ್ಸಿನಲ್ಲಿ ಎಡಗಡೆ ಕಿಟಕಿಗೆ ಕೂತರೆ ಸಮುದ್ರ, ಬಲಗಡೆ ಕೂತರೆ ಘಟ್ಟ. ಘಟ್ಟ ಮತ್ತು ಸಮುದ್ರದ ನಡುವಿನ ಈ ಕಿರಿದಾದ ಪಟ್ಟಿಯನ್ನು ಹೊಳೆಗಳು ಅಡ್ಡಡ್ಡ ಕೊಯ್ದಿವೆ. ಭಟ್ಕಳದಲ್ಲಿ ಶರಾಬಿ ಹೊಳೆ, ಶಿರಾಲಿಯ ಹತ್ತಿರ ವೆಂಕಟಾಪುರ ಹೊಳೆ, ಹೊನ್ನಾವರದಲ್ಲಿ ಶರಾವತಿ, ಕುಮಟೆ ತಾಲೂಕಿನಲ್ಲಿ ಅಘನಾಶಿನಿ. ಹೊಳೆ ಸಮುದ್ರಕ್ಕೆ ಸೇರುವ ಜಾಗಕ್ಕೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ಶಿರಾಲಿಯ ಬಳಿ ಅಳ್ವೇಕೋಡಿ ಎಂಬ ಊರೇ ಇದೆ.

ಅಳಿವೆಯಲ್ಲಿ ನೀರು ಸುಮ್ಮನೆ ನಿಲ್ಲುವುದಿಲ್ಲ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಬರುವ ನೀರಿನ ಜೊತೆ ಮೀನೂ ಬರುತ್ತದೆ. ಹಾಗಾಗಿ ಈ ದಾರಿಯ ಯಾವ ಸೇತುವೆ ದಾಟಿದರೂ ಕೆಳಗೆ ದಂಡೆಯಲ್ಲಿ ಗಾಳ ಹಾಕಿ ಕೂತ ಒಬ್ಬರಾದರೂ ಕಾಣುತ್ತಾರೆ.

ಹೋದ ದಸರಾ ರಜೆಯಲ್ಲಿ ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಹುಬ್ಬಳ್ಳಿಯಿಂದ ಬರುವಾಗ ಒಂದು ತಗಡಿನ ಡಬ್ಬಿ ತಂದಿದ್ದಳು. ಅದರಲ್ಲಿ 2,400 ರೂಪಾಯಿ. ಎರಡು ವರ್ಷದ ಹಬ್ಬದ ಕಾಣಿಕೆಗಳನ್ನು ಖರ್ಚು ಮಾಡದೆ ಇಟ್ಟದ್ದು. ಪರದೇಶದಲ್ಲಿರುವ ಅವಳ ಸೋದರಮಾವ ಫ್ಲೈ ಫಿಶಿಂಗ್ ಮಾಡುವ ವಿಡಿಯೋ ಕಳಿಸಿದ್ದರಂತೆ. ಉದ್ದನೆಯ ಕೋಲು, ಗಾಳಿಯಲ್ಲಿ ಹಾವಿನಂತೆ ಬಳುಕುವ ಹಳದಿ ದಾರ, ಕೈಯಲ್ಲಿ ಫಳಫಳ ಹೊಳೆಯುವ ರೀಲು. ಅಂಥ ರೀಲು ತನಗೂ ಬೇಕು ಎಂಬುದು ಅವಳ ಆಸೆ. ಫೋನಿನಲ್ಲಿ ಅವಳು ಗುರುತು ಹಾಕಿಟ್ಟಿದ್ದ ಕಿತ್ತಳೆ ಬಣ್ಣದ ರೀಲಿನ ಬೆಲೆ ಡಬ್ಬಿಯಲ್ಲಿದ್ದ ಹಣದ ನಾಲ್ಕು ಪಟ್ಟು.

"ಉಳಿದದ್ದು ನೀನು ಕೊಡ್ತಿಯಾ ಅಜ್ಜಾ?" ಎಂದು ಕೇಳಿದಳು.

"ಮೊದಲು ನೀರು ನೋಡಿ ಬರೋಣ. ಆಮೇಲೆ ರೀಲು" ಎಂದೆ. ಹಾಗೆ ಹೊರಟೆವು, ಮೂರು ಅಳಿವೆ ನೋಡಲು.

ಭಟ್ಕಳ: ಬಾಟಲಿಯೇ ರೀಲು

ಭಟ್ಕಳದ ಬಂದರು ಈಗ ಮೀನುದೋಣಿಗಳ ಬಂದರು. ಐನೂರು ವರ್ಷದ ಹಿಂದೆ ಅರಬಸ್ತಾನದ ಕುದುರೆಗಳು ಇದೇ ಕರೆಯಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಅಂದು ಲೋಕವೆಲ್ಲ ಬಲ್ಲ ಊರು ಇದು. ಬೆಳಗಿನ ಹೊತ್ತು ದೋಣಿಗಳಿಂದ ಬುಟ್ಟಿ ಇಳಿಯುತ್ತಿತ್ತು, ಬಂಗಡೆ, ತಾರ್ಲೆ ಕೂಗಿ ಹರಾಜಾಗುತ್ತಿತ್ತು, ಗರುಡ ಹಕ್ಕಿಗಳು ಮೇಲೆ ಸುತ್ತುತ್ತಿದ್ದವು.

ಗದ್ದಲದಿಂದ ಸ್ವಲ್ಪ ಆಚೆ, ಕಲ್ಲಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಅವರ ಕೈಯಲ್ಲಿ ಕೋಲೂ ಇಲ್ಲ, ರೀಲೂ ಇಲ್ಲ. ಒಂದು ಪ್ಲಾಸ್ಟಿಕ್ ಬಾಟಲಿ, ಅದರ ಸುತ್ತ ನೈಲಾನ್ ದಾರ, ತುದಿಯಲ್ಲಿ ಸೀಸದ ಗುಂಡು ಮತ್ತು ಕೊಕ್ಕೆ. ಗುಂಡನ್ನು ಗಿರಗಿರ ತಿರುಗಿಸಿ ಬಿಟ್ಟರೆ ದಾರ ಬಾಟಲಿಯಿಂದ ಸರಸರ ಬಿಚ್ಚಿಕೊಂಡು ಮೂವತ್ತು ಮಾರು ದೂರ ಹೋಗಿ ಬೀಳುತ್ತಿತ್ತು. ಪಕ್ಕದ ಡಬ್ಬಿಯಲ್ಲಿ ಎರಡು ಕಾಣೆ ಮೀನು.

"ಎಂತಾ ತಂಗಿ, ಗಾಳ ಹಾಕೂಕ್ ಬತ್ತದಾ ನಿಂಗೆ?" ಎಂದು ಅವರು ಕೇಳಿದರು. ಇವಳು ವಿಡಿಯೋ ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದರು. ಕೊನೆಯಲ್ಲಿ ಸೋದರಮಾವ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟದ್ದು ಕಂಡು ಫೋನು ವಾಪಸು ಕೊಟ್ಟರು.

"ಹಿಡ್ದು ಮತ್ತೆ ಬಿಡೂದಾ? ಹಂಗಾರೆ ಹಿಡಿಯೂದ್ ಯಾಕೆ?"

ಇವಳಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಕಟ್ಟಿಕೊಂಡೇ ಮುಂದೆ ಹೋದೆವು. ಆದರೆ ಅವರ ಬಾಟಲಿ ನೋಡಿ ಒಂದು ವಿಷಯ ತಿಳಿಯಿತು. ರೀಲು ಎಂದರೆ ಮೂಲದಲ್ಲಿ ಇಷ್ಟೇ: ದಾರ ಸಿಕ್ಕಾಗದಂತೆ ಸುತ್ತಿಡುವ ಒಂದು ಉರುಳೆ.

ಈ ಉಪಾಯ ಬಹಳ ಹಳೆಯದು. ಚೀನಾದ ಚಿತ್ರಕಾರ ಮಾ ಯುವಾನ್ ಸುಮಾರು 800 ವರ್ಷಗಳ ಹಿಂದೆ ಬರೆದ ಚಿತ್ರವೊಂದರಲ್ಲಿ ಪುಟ್ಟ ದೋಣಿಯ ಮೇಲೆ ಕೂತ ಬೆಸ್ತನ ಕೋಲಿಗೆ ರೀಲು ಕಟ್ಟಿದೆ. ರೀಲಿನ ಅತಿ ಹಳೆಯ ಚಿತ್ರಗಳಲ್ಲಿ ಅದೂ ಒಂದು. ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಯಾವ ಆಹಾರ ಕೊಡಬೇಕು, ಗಾಳ ಹೇಗೆ ಹಾಕಬೇಕು ಎಂದೆಲ್ಲ ಅದರಲ್ಲಿ ಹೇಳಿದ್ದಾನೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 'ದ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದರು. ಅದು 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ!

ಕಾಸರಕೋಡು, ಹೊನ್ನಾವರ: ಐದು ಪ್ರಶ್ನೆ

ಮುರ್ಡೇಶ್ವರ, ಮಂಕಿ ದಾಟಿ ಕಾಸರಕೋಡಿಗೆ ಬಂದೆವು. ಕೇರಳದ ಕಾಸರಗೋಡಲ್ಲ ಮಕ್ಕಳೇ, ಇದು ಶರಾವತಿಯ ದಕ್ಷಿಣ ದಂಡೆಯ ಊರು. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಹೊಳೆಯ ಬದಿಗೆ ಕಾಂಡ್ಲಾ ಗಿಡಗಳ ಕಾಡಿದೆ. ಅದರ ನಡುವೆ ನಡೆದು ನೋಡಲು ಹಲಗೆಯ ದಾರಿ ಮಾಡಿದ್ದಾರೆ. ಉಸಿರಾಡಲೆಂದು ಕೆಸರಿನಿಂದ ಮೇಲೆ ಚಾಚಿದ ಬೇರುಗಳು, ಅವುಗಳ ಸಂದಿಯಲ್ಲಿ ಓಡುವ ಏಡಿಗಳು. ಮೀನಿನ ಮರಿಗಳಿಗೆ ಇದು ಬಾಲವಾಡಿ ಇದ್ದಂತೆ. ದೊಡ್ಡ ಮೀನು ನುಗ್ಗಲಾರದ ಬೇರಿನ ಸಂದಿಗಳಲ್ಲಿ ಅವು ಬೆಳೆಯುತ್ತವೆ. ಪೂರ್ವಕ್ಕೆ ನೋಡಿದರೆ ಕೊಂಕಣ ರೈಲಿನ ಸೇತುವೆ. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು, ಆ ಮಾರ್ಗದಲ್ಲೇ ಅತಿ ಉದ್ದದ್ದು.

ನಮ್ಮ ಪರಿಚಯದವರ ಮಗನೊಬ್ಬ ಹಡಗಿನ ಕೆಲಸದಿಂದ ರಜೆಗೆ ಬಂದಿದ್ದ. ಅವನಿಗೆ ಫ್ಲೈ ಫಿಶಿಂಗಿನ ಹುಚ್ಚು. ಮನೆಯ ಜಗಲಿಯ ಮೇಲೆ ಎರಡು ರೀಲು ತಂದಿಟ್ಟ. ಒಂದು ಹೊಸದು, ಬಹಳ ಬೆಲೆಯದು. ಇನ್ನೊಂದು ಹಳೆಯದು, ಬಣ್ಣ ಮಾಸಿದ್ದು.

"ಯಾವುದು ಒಳ್ಳೆಯದು, ಹೇಳು ನೋಡುವ" ಎಂದ. ಇವಳು ಹೊಸದರ ಕಡೆ ಬೆರಳು ತೋರಿಸಿದಳು. ಅವನು ನಕ್ಕು, ಮೊದಲು ಫ್ಲೈ ಫಿಶಿಂಗ್ ಎಂದರೇನೆಂದು ಹೇಳಿದ.

ಭಟ್ಕಳದ ಹಿರಿಯರ ಗಾಳದಲ್ಲಿ ಭಾರ ಇರುವುದು ಸೀಸದ ಗುಂಡಿನಲ್ಲಿ. ಗುಂಡು ಹಾರುತ್ತದೆ, ಹಗುರ ದಾರ ಹಿಂದಿನಿಂದ ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ತುದಿಗಿರುವುದು ಹಕ್ಕಿಯ ಗರಿ, ನೂಲು ಸುತ್ತಿದ ಸಣ್ಣ ಕೊಕ್ಕೆ. ನೊಣದ ಹಾಗೋ ಮರಿಮೀನಿನ ಹಾಗೋ ಕಾಣುವ ಅದಕ್ಕೆ ಭಾರವೇ ಇಲ್ಲ. ಗರಿಯೊಂದನ್ನು ಎಸೆದು ನೋಡಿ, ಎಷ್ಟು ದೂರ ಹೋಗುತ್ತದೆ? ಆದ್ದರಿಂದ ಇಲ್ಲಿ ದಾರಕ್ಕೇ ಭಾರ ಕೊಟ್ಟಿರುತ್ತಾರೆ. ಕೋಲನ್ನು ಹಿಂದೆ ಮುಂದೆ ಬೀಸಿದರೆ ದಪ್ಪ ದಾರ ಗಾಳಿಯಲ್ಲಿ ಬಿಚ್ಚಿಕೊಂಡು, ಹಗುರ ಕೊಕ್ಕೆಯನ್ನು ಹೊತ್ತೊಯ್ಯುತ್ತದೆ. ಎಸೆಯುವ ಕೆಲಸದಲ್ಲಿ ರೀಲಿಗೆ ಪಾತ್ರವೇ ಇಲ್ಲ. ಅದು ದಾರ ಇಟ್ಟುಕೊಂಡು ಸುಮ್ಮನಿರುತ್ತದೆ.

"ಅದಕ್ಕೇ ಕಲಿಯುವವರು ರೀಲಿಗೆ ದುಡ್ಡು ಸುರಿಯಬಾರದು. ಮೊದಲು ಒಳ್ಳೇ ದಾರ, ಆಮೇಲೆ ಕೋಲು, ಕೊನೆಗೆ ರೀಲು" ಎಂದ. ಆದರೆ ಅಗ್ಗದ್ದೆಲ್ಲ ಒಂದೇ ಅಲ್ಲ. ಕೊಳ್ಳುವ ಮೊದಲು ಐದು ಪ್ರಶ್ನೆ ಕೇಳಬೇಕು ಎಂದು ಬೆರಳು ಮಡಚುತ್ತ ಹೇಳಿದ.

ಒಂದು, ನಂಬರು ಎಷ್ಟು? ದಾರ, ಕೋಲು, ರೀಲು ಮೂರಕ್ಕೂ ನಂಬರು ಇರುತ್ತದೆ, ಮೂರೂ ಹೊಂದಬೇಕು. ದಾರದ ಮೊದಲ 30 ಅಡಿ ಎಷ್ಟು ತೂಗುತ್ತದೆ ಎಂಬುದರ ಮೇಲೆ ನಂಬರು. 5ನೇ ನಂಬರಿನ ದಾರದಲ್ಲಿ ಆ ಭಾಗ ಸುಮಾರು 9 ಗ್ರಾಂ, 8ನೇ ನಂಬರಿನಲ್ಲಿ ಸುಮಾರು 13.5 ಗ್ರಾಂ. ಘಟ್ಟದ ಸಣ್ಣ ಹಳ್ಳಕ್ಕೆ 5 ಸಾಕು. ಕಡಲಗಾಳಿ ಬೀಸುವ ಅಳಿವೆಗೆ 8 ಬೇಕು.

ಎರಡು, ತಡೆ ಹೇಗಿದೆ? ಮೀನು ದಾರ ಎಳೆದುಕೊಂಡು ಓಡುವಾಗ ರೀಲು ಹಿತವಾಗಿ ತಡೆಯಬೇಕು. ಇದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಹಳೆಯ ಬಗೆಯಲ್ಲಿ ಹಲ್ಲಿನ ಚಕ್ರಕ್ಕೆ ಒಂದು ನಾಲಿಗೆ ತಾಗಿ ಕಟಕಟ ಸದ್ದು ಬರುತ್ತದೆ. ಹೊಸ ಬಗೆಯಲ್ಲಿ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತವೆ, ಸೈಕಲ್ಲಿನ ಡಿಸ್ಕ್ ಬ್ರೇಕಿನ ಹಾಗೆ. ಯಾವುದೇ ಇರಲಿ, ದಾರ ಎಳೆದರೆ ಜಗ್ಗಿ ಜಗ್ಗಿ ಬರಬಾರದು, ಒಂದೇ ಸಮನೆ ಬರಬೇಕು. ಜಗ್ಗಿದರೆ ತುದಿಯ ತೆಳು ನೈಲಾನ್ ತುಂಡಾಗುತ್ತದೆ.

ಮೂರು, ಉರುಳೆಯ ನಡು ಎಷ್ಟು ದಪ್ಪ? ಫ್ಲೈ ರೀಲಿನಲ್ಲಿ ಸಾಮಾನ್ಯವಾಗಿ ಗಿಯರ್ ಇರುವುದಿಲ್ಲ. ಹಿಡಿ ಒಂದು ಸುತ್ತು ತಿರುಗಿದರೆ ಉರುಳೆಯೂ ಒಂದೇ ಸುತ್ತು. ಇಲ್ಲಿ ಅವನು ಇವಳಿಗೆ ಲೆಕ್ಕ ಕೊಟ್ಟ. ಅಡ್ಡಳತೆ 5 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಎಷ್ಟು ದಾರ? 5ನ್ನು 3.14ರಿಂದ ಗುಣಿಸಿದರೆ ಸುಮಾರು 16 ಸೆಂಟಿಮೀಟರ್. 8 ಸೆಂಟಿಮೀಟರ್ ಇದ್ದರೆ ಸುಮಾರು 25. ಅಂದರೆ 10 ಮೀಟರ್ ದಾರ ಸುತ್ತಲು ಒಂದರಲ್ಲಿ 64 ಸುತ್ತು, ಇನ್ನೊಂದರಲ್ಲಿ 40. ಮೀನು ನಮ್ಮ ಕಡೆಗೇ ಓಡಿ ಬಂದಾಗ ಈ ವ್ಯತ್ಯಾಸ ತಿಳಿಯುತ್ತದೆ. ದಾರವೂ ಸುರುಳಿ ಸುರುಳಿಯಾಗಿ ಮುದುಡುವುದಿಲ್ಲ.

ನಾಲ್ಕು, ಉಪ್ಪು ತಡೆಯುತ್ತದೆಯೇ? ಉಪ್ಪುನೀರು ಲೋಹವನ್ನು ತಿನ್ನುತ್ತದೆ. ರೀಲಿನ ಮೈ ಅಲ್ಯೂಮಿನಿಯಂ ಆದರೆ, ಅದರ ಮೇಲೆ ಗಟ್ಟಿ ಲೇಪ ಇದ್ದರೆ ಒಳ್ಳೆಯದು. ಸ್ಕ್ರೂ, ಸ್ಪ್ರಿಂಗುಗಳಲ್ಲಿ ತುಕ್ಕಿನ ಕಲೆ ಇರಬಾರದು.

ಐದು, ಯಾವ ಕೈಗೆ? ಹಿಡಿ ಎಡಕ್ಕೂ ಬಲಕ್ಕೂ ಬದಲಾಯಿಸಲು ಬರಬೇಕು. ನನ್ನ ಮೊಮ್ಮಗಳು ಎಡಗೈಯಲ್ಲಿ ಬರೆಯುವವಳು. ಅವಳಿಗೆ ಇದು ದೊಡ್ಡ ಪ್ರಶ್ನೆ.

ಬಣ್ಣ, ಹೊಳಪು, ಪೆಟ್ಟಿಗೆಯ ಅಂದ ಈ ಐದರಲ್ಲಿ ಎಲ್ಲೂ ಬರಲಿಲ್ಲ. ಇವಳು ಹಳೆಯ ರೀಲನ್ನು ಕೈಗೆ ತೆಗೆದುಕೊಂಡಳು. 8ನೇ ನಂಬರು. ದಾರ ಎಳೆದು ನೋಡಿದಳು, ಒಂದೇ ಸಮನೆ ಬಂತು. ಉರುಳೆ ಬಿಚ್ಚಿ ಒಳಗೆ ನೋಡಿದಳು, ತುಕ್ಕಿರಲಿಲ್ಲ. ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು, ಮರಳು ಕರಕರ ಎನ್ನಲಿಲ್ಲ. ಅಲುಗಾಡಿಸಿದಳು, ಉರುಳೆ ಗಡಗಡ ಮಾಡಲಿಲ್ಲ. ಹಿಡಿ ಎರಡೂ ಕಡೆಗೆ ಬದಲಾಗುತ್ತಿತ್ತು. ಹಳೆಯ ಸಾಮಾನು ಕೊಳ್ಳುವವರು ಇಷ್ಟು ನೋಡಿದರೆ ಸಾಕು.

"ಅಣ್ಣಾ, ಇದನ್ನ ಮಾರ್ತೀರಾ?"

"700 ಕೊಡು. ಮೇಲಿರುವ ದಾರ ಹಳೇದು, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅದಕ್ಕೆ ದುಡ್ಡು ಬೇಡ. ಕೋಲು ಒಂದು ಹಳೇದಿದೆ, ಮುಂದಿನ ರಜೆಯವರೆಗೆ ಇಟ್ಕೊ."

ಡಬ್ಬಿ ತೆರೆದು ನೋಟು ಎಣಿಸುವಾಗ ಅವಳ ಮುಖ ಗಂಭೀರವಾಗಿತ್ತು. ಎರಡು ವರ್ಷದ ಕಿತ್ತಳೆ ಬಣ್ಣದ ಕನಸು ಕೈಬಿಟ್ಟು ಬಣ್ಣ ಮಾಸಿದ್ದನ್ನು ಹಿಡಿಯುವುದು ಸುಲಭವಲ್ಲ. ನಾನು ಮಾತಾಡಲಿಲ್ಲ. ಹಣ ಅವಳದು, ತೀರ್ಮಾನವೂ ಅವಳದೇ ಆಗಬೇಕಿತ್ತು. ಕೊಟ್ಟಳು. ಉಳಿದದ್ದು 1,700.

ಕುಮಟೆ: ನೀರಿಗಿಂತ ಮೊದಲು ನೆಲ

ಶರಾವತಿಯ ಸೇತುವೆ ದಾಟಿ, ಹೊನ್ನಾವರ ಪೇಟೆ, ಹಳದೀಪುರ, ಧಾರೇಶ್ವರ ದಾಟಿ ಕುಮಟೆಗೆ ಬಂದೆವು. ಮಾರನೇ ದಿನ ಬೆಳಿಗ್ಗೆ ಅಘನಾಶಿನಿ ಎಂಬ ಊರಿಗೆ ಹೋದೆವು. ಹೊಳೆಯ ಹೆಸರೇ ಊರಿನ ಹೆಸರು. ಎದುರು ದಂಡೆಯಲ್ಲಿ ತದಡಿ ಬಂದರು, ನಡುವೆ ಜನರನ್ನು ದಾಟಿಸುವ ದೋಣಿ.

ಶರಾವತಿಗೆ ಲಿಂಗನಮಕ್ಕಿಯಲ್ಲಿ, ಗೇರುಸೊಪ್ಪೆಯಲ್ಲಿ ಅಣೆಕಟ್ಟುಗಳಿವೆ. ಕರೆಂಟು ತಯಾರಿಸಿ ಬಿಡುವ ಸಿಹಿನೀರು ವರ್ಷವಿಡೀ ಹರಿದು ಬರುವುದರಿಂದ ಆ ಅಳಿವೆಯಲ್ಲಿ ಉಪ್ಪಿನಂಶ ಕಡಿಮೆಯಾಗಿದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಎರಡರ ನಡುವೆ ಎಲ್ಲ ರುಚಿಯ ನೀರು ಇಲ್ಲಿ ಬರುತ್ತದೆ. ಅದಕ್ಕೇ ಇಲ್ಲಿ ಚಿಪ್ಪಿಕಲ್ಲು ಹೇರಳ. ಇಳಿತದ ಹೊತ್ತು ಹೆಂಗಸರು, ಗಂಡಸರು ಮೊಣಕಾಲು ನೀರಿನಲ್ಲಿ ಚಿಪ್ಪಿ ಆರಿಸುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಲೋಕವೇ ಕಾಪಾಡಬೇಕಾದ ಜೌಗು ನೆಲಗಳಲ್ಲಿ ಇದೂ ಒಂದು.

ನಾವು ಮೊದಲು ನೀರಿಗೆ ಹೋಗಲಿಲ್ಲ. ಒಂದು ಬಯಲಿನಲ್ಲಿ ನಿಂತೆವು. ಕೊಕ್ಕೆಯ ಬದಲು ದಾರದ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿ ಬೀಸುವುದನ್ನು ಅಭ್ಯಾಸ ಮಾಡಿದಳು. ಹಿಂದಕ್ಕೆ ಬೀಸಿ, ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳಿ, ಆಮೇಲೆ ಮುಂದಕ್ಕೆ. ತಾಳದಿದ್ದರೆ ದಾರ ತಲೆಯ ಮೇಲೇ ಬೀಳುತ್ತದೆ. ಮೊದಲ ಅರ್ಧ ಗಂಟೆ ತಲೆಯ ಮೇಲೇ ಬಿತ್ತು. ನೋಡಲು ನಿಂತ ಊರ ಹುಡುಗರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ "ನಂಗೂ ಒಂದ್ ಸಲ ಕೊಡೇ" ಎಂದು ಸಾಲು ನಿಂತರು.

ಮೇಲೆ ವಿದ್ಯುತ್ ತಂತಿ ಇಲ್ಲದ ಜಾಗವನ್ನೇ ನಾವು ಆರಿಸಿದ್ದೆವು. ಅಜ್ಜ ಅಜ್ಜಿಯರು ಇದನ್ನು ಮರೆಯಬಾರದು. ಈಗಿನ ಉದ್ದನೆಯ ಕೋಲುಗಳಲ್ಲಿ ಹೆಚ್ಚಿನವು ಕಾರ್ಬನ್ ನಾರಿನವು, ಅದರಲ್ಲಿ ಕರೆಂಟು ಹರಿಯುತ್ತದೆ. ತಂತಿಯ ಕೆಳಗೆ ಬೀಸಬಾರದು, ಗುಡುಗು ಕೇಳಿದರೆ ಕೋಲು ಮಡಚಿ ಮನೆಗೆ. ಕೊಕ್ಕೆ ಕಟ್ಟಿದ ಮೇಲೆ ಟೋಪಿ, ಕನ್ನಡಕ ಬೇಕೇ ಬೇಕು, ಹಿಂದೆ ಯಾರೂ ನಿಂತಿರಬಾರದು. ನೀರಿನ ಹತ್ತಿರ ಮಕ್ಕಳೊಬ್ಬರೇ ಹೋಗಬಾರದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಿನ್ನೆ ಒಣಗಿದ್ದ ಮರಳದಿಣ್ಣೆ ಇವತ್ತು ಅದೇ ಹೊತ್ತಿಗೆ ಒಣಗಿರುತ್ತದೆ ಎಂದು ನಂಬಬಾರದು. ಊರಿನ ದೋಣಿಯವರನ್ನು ಕೇಳಿಯೇ ಇಳಿಯಬೇಕು.

ಸಂಜೆ ಉಬ್ಬರ ಏರುವ ಹೊತ್ತಿಗೆ ದಂಡೆಗೆ ಹೋದೆವು. ಇವಳು ಬೀಸಿದಳು, ಎಳೆದಳು, ಬೀಸಿದಳು. ಸುಮಾರು ನಲವತ್ತನೇ ಸಲಕ್ಕೆ ದಾರ ಬಿಗಿಯಾಯಿತು. ರೀಲು ಕಟಕಟ ಎಂದಿತು, ಇವಳು "ಅಜ್ಜಾ!" ಎಂದು ಕಿರುಚಿದಳು. ಬಂದದ್ದು ಅಂಗೈ ಉದ್ದದ ಬೆಳ್ಳಿ ಬಣ್ಣದ ಮರಿ. ಕೊಕ್ಕೆಯ ಮುಳ್ಳನ್ನು ಬೆಳಿಗ್ಗೆಯೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೆವು, ಆದ್ದರಿಂದ ಸುಲಭವಾಗಿ ಬಿಟ್ಟುಕೊಂಡಿತು. ಕೈ ಒದ್ದೆ ಮಾಡಿಕೊಂಡು ಹಿಡಿದು, ನೀರಿಗೆ ಬಿಟ್ಟಳು. ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಹೋಗಿ ಅದಕ್ಕೆ ರೋಗ ಬರುತ್ತದೆ.

ಮರಿ ಮರೆಯಾದ ಮೇಲೆ ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದಳು. ಆಮೇಲೆ, "ಭಟ್ಕಳದ ಅಜ್ಜ ಕೇಳಿದ್ದು ಸರಿ" ಎಂದಳು. "ಸಣ್ಣದಾದ್ರೆ ಬಿಡ್ತೇನೆ, ಅದು ಬೆಳೀಲಿ. ತಿನ್ನುವಷ್ಟು ದೊಡ್ಡದು ಸಿಕ್ಕಿದ್ರೆ ಒಂದೇ ಒಂದು ಮನೆಗೆ. ಆಮೇಲೆ ಕೋಲು ಮಡಚೋದು. ಆಟಕ್ಕೆ ಅಂತ ಮತ್ತೆ ಮತ್ತೆ ಚುಚ್ಚೋದಿಲ್ಲ."

ಹಿರಿಯರ ಪ್ರಶ್ನೆಗೆ ಇದು ಪೂರ್ತಿ ಉತ್ತರವೋ ಅಲ್ಲವೋ, ಅವಳಾಗಿ ಕಂಡುಕೊಂಡ ಕಟ್ಟಳೆ. ಇದಕ್ಕೆ ನಾನು ಇನ್ನೆರಡು ಸೇರಿಸಿದೆ. ತುಂಡಾದ ನೈಲಾನ್ ದಾರ ಒಂದಿಂಚೂ ದಂಡೆಯಲ್ಲಿ ಬಿಡಬಾರದು. ಬೆಳ್ಳಕ್ಕಿ, ಗರುಡಗಳ ಕಾಲಿಗೆ ಸುತ್ತಿಕೊಂಡರೆ ಅವು ಹಾರಲಾರದೆ ಸಾಯುತ್ತವೆ, ಚಿಪ್ಪಿ ಆರಿಸುವವರ ಬೆರಳೂ ಕೊಯ್ಯುತ್ತದೆ. ಮತ್ತೆ, ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ರಜೆ. ಅನೇಕ ಮೀನುಗಳು ಮರಿ ಮಾಡುವ ಕಾಲ ಅದು. ದೊಡ್ಡ ದೋಣಿಗಳೇ ದುಡಿಮೆ ಬಿಟ್ಟು ಕೂತಾಗ ನಮ್ಮ ಆಟಕ್ಕೂ ರಜೆ ಇರಲಿ.

ರಾತ್ರಿ ಬಾವಿಕಟ್ಟೆಯಲ್ಲಿ ಬಕೆಟ್ಟಿನ ಸಿಹಿನೀರಿನಿಂದ ರೀಲು ತೊಳೆದಳು. ರಭಸದ ನೀರು ಹಾಯಿಸಿದರೆ ಉಪ್ಪು, ಮರಳು ಇನ್ನೂ ಒಳಗೆ ಸೇರುತ್ತದೆ, ಮೆಲ್ಲಗೆ ಸುರಿಯಬೇಕು. ಉರುಳೆ ಬಿಚ್ಚಿ, ಹಳೆ ಪಂಚೆಯ ಚೂರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಲು ಇಟ್ಟಳು. ಇಡುವಾಗ ತಡೆಯ ತಿರುಪನ್ನು ಸಡಿಲಿಸಬೇಕು, ಇಲ್ಲದಿದ್ದರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಹಾಳಾಗುತ್ತವೆ. ಹೀಗೆ ನೋಡಿಕೊಂಡ ಅಗ್ಗದ ರೀಲು, ತೊಳೆಯದೆ ಇಟ್ಟ ಬೆಲೆಬಾಳುವ ರೀಲಿಗಿಂತ ಹೆಚ್ಚು ಕಾಲ ಬರುತ್ತದೆ.

ಹುಬ್ಬಳ್ಳಿಗೆ ಹೋದ ಮೇಲೆ ಅವಳು 1,450 ರೂಪಾಯಿಗೆ 8ನೇ ನಂಬರಿನ ತೇಲುವ ದಾರ ತರಿಸಿಕೊಂಡಳು. ಉಳಿದ 250ರಲ್ಲಿ ತೆಳು ನೈಲಾನು, ಒಂದು ಪೊಟ್ಟಣ ಕೊಕ್ಕೆ. ಗರಿಗೆ ದುಡ್ಡು ಬೇಕಾಗಲಿಲ್ಲ. ಪಕ್ಕದ ಮನೆಯ ಹುಂಜ ಉದುರಿಸಿದ್ದನ್ನೇ ಆರಿಸಿ, ಅವರಮ್ಮನ ಹೊಲಿಗೆ ನೂಲಿನಿಂದ ಸುತ್ತಿ ಏಳು ನೊಣ ಮಾಡಿದ್ದಾಳಂತೆ. ನಾಲ್ಕು ನೊಣದ ಹಾಗೆ ಕಾಣುತ್ತವೆ, ಮೂರು ಹುಂಜದ ಹಾಗೇ ಕಾಣುತ್ತವೆ ಎಂದು ಫೋನಿನಲ್ಲಿ ಹೇಳಿದಳು. ಬೇಸಿಗೆ ರಜೆಗೆ ಏಳನ್ನೂ ತರುತ್ತಾಳೆ.